ಅನುರಣನ: ಮನಸ್ಸಿನಲ್ಲಿ ನಿಲ್ಲುವ ಚಲಚ್ಚಿತ್ರಗಳು

ಕಲೆಗಳಲ್ಲೆಲ್ಲ ಚಲಚ್ಚಿತ್ರದಷ್ಟು ಕ್ಷಣಿಕವಾದುದು ಮತ್ತೊಂದಿಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಸೆಕೆಂಡಿಗೆ ೨೪ ಚಿತ್ರಗಳಂತೆ ತೆರೆಯ ಮೇಲೆ ಹಾದುಹೋಗುವ ನೆರಳುಗಳನ್ನು ಕಣ್ಣು ಹಿಡಿದಿಡಲಾರದು. ಕಾವ್ಯದಂತೆ ಹಾಳೆ ತಿರುವಿ ಹಿಂದಕ್ಕೆ ನೋಡುವ ಅನುಕೂಲ ಚಿತ್ರಮಂದಿರದ ಪ್ರೇಕ್ಷಕನಿಗೆ ಇರಲಿಲ್ಲ. ದೀಪಗಳು ಹೊತ್ತಿದವೆಂದರೆ ಆಟ ಮುಗಿಯಿತು. ನೋಡಿದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಮನೆ ಮುಟ್ಟುವುದರೊಳಗೆ ಮರೆತುಹೋಗುವುದೂ ಉಂಟು. ಹೀಗಿದ್ದರೂ ಕೆಲವು ಚಿತ್ರಗಳು ಮೂವತ್ತು ನಲವತ್ತು ವರ್ಷಗಳವರೆಗೆ ನೋಡಿದವನ ಸಂಗಡ ಬಾಳುತ್ತವೆ. ಇದಕ್ಕೆ ಕಾರಣವೇನು? ತಾಯ್ನಾಡಿನಿಂದ ದೂರವಿರುವ ಕನ್ನಡಿಗರಿಗೆ ಈ ಸ್ಮರಣೆಯಿಂದ ಆಗತಕ್ಕ ಪ್ರಯೋಜನವೇನು? ಈ ಎರಡು ಪ್ರಶ್ನೆಗಳ ವಿಚಾರವೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯವನ್ನು ವಿವೇಚಿಸಲು ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ತಕ್ಕ ಸಾಮಗ್ರಿಯಿದೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ, ವಾಚ್ಯಾರ್ಥವು ವಿವಕ್ಷಿತವಾಗಿದ್ದು ಅದರಾಚೆಗೂ ಕೈಚಾಚುವ ಧ್ವನಿಯನ್ನು ಎರಡು ಬಗೆಯಾಗಿ ವಿಂಗಡಿಸುತ್ತಾನೆ. ಒಂದರಲ್ಲಿ ವಾಚ್ಯಾರ್ಥಕ್ಕೂ ವ್ಯಂಗ್ಯಾರ್ಥಕ್ಕೂ ನಡುವಣ ಕ್ರಮ ಗೋಚರಿಸುವುದೇ ಇಲ್ಲ. ರಸಾನುಭವವು ಒಡನೆಯೇ ಉಂಟಾಗುತ್ತದೆ. ಇನ್ನೊಂದರಲ್ಲಿ ಮೊದಲು ವಾಚ್ಯಾರ್ಥ, ಅನಂತರ ಅದರಿಂದ ಹೊಮ್ಮುವ ವ್ಯಂಗ್ಯಾರ್ಥ, ಹೀಗೆ ಕ್ರಮವು ತಿಳಿದುಬರುತ್ತದೆ. ಈ ಎರಡನೆಯದಕ್ಕೆ ಶಾಸ್ತ್ರಕಾರರು ಕೊಟ್ಟ ಹೋಲಿಕೆ ಅನುರಣನ. ಗಂಟೆಯನ್ನು ಬಡಿದ ಪೆಟ್ಟು ಮುಗಿದಮೇಲೂ ಅದರ ನಾದವು ಅಲೆಅಲೆಯಾಗಿ ಮುಂದುವರಿಯುವಂತೆ, ಮಾತು ಮುಗಿದಮೇಲೆ ಅರ್ಥವು ಮೊಳಗುತ್ತ ಹೋಗುತ್ತದೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (೧೯೫೩) ಯನ್ನು ಓದಿದವರಿಗೆ ಈ ವಿಭಾಗವು ಪರಿಚಿತವಾದುದೇ.

ಕಾವ್ಯಕ್ಕೆ ಹೇಳಿದ ಈ ಮಾತನ್ನು ತೆರೆಗೆ ಅನ್ವಯಿಸಿ ನೋಡಬಹುದು. ಚಿತ್ರಮಂದಿರದಲ್ಲಿ ಬರುವ ಕಣ್ಣೀರು, ನಗು, ರೋಮಾಂಚಗಳು ಮೊದಲನೆಯ ಬಗೆಗೆ ಸೇರಿದವು. ಅವು ಎಷ್ಟೇ ತೀವ್ರವಾಗಿದ್ದರೂ ಹೊರಗಿನ ಗಾಳಿ ತಾಗಿದೊಡನೆ ಆರಿಹೋಗಬಹುದು. ಬಹುಕಾಲ ನಿಲ್ಲುವ ಚಿತ್ರದಲ್ಲಿ ಈ ತತ್ಕ್ಷಣದ ಭಾವದ ಜೊತೆಗೆ ಅನುರಣನವೂ ಇರುತ್ತದೆ. ಅದರ ಒಂದು ದೃಶ್ಯವು ಆಗ ಕಥೆಯ ಭಾಗವಾಗಿ ಮಾತ್ರ ಕಂಡು, ಅದರ ಪೂರ್ಣಾರ್ಥವು ಮರುದಿನ, ಮರುವರ್ಷ, ಕೆಲವೊಮ್ಮೆ ನೋಡಿದವನ ಬಾಳಿನಲ್ಲಿ ಅಂಥದೇ ಸಂದರ್ಭ ಒದಗಿದಾಗ ಹೊಳೆಯುತ್ತದೆ.

ಕನ್ನಡದ ಕೆಲವು ಚಿತ್ರಗಳಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳಬಹುದು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (೧೯೭೭) ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ್ದು. ವೇದಪಾಠಶಾಲೆಗೆ ಬಂದ ನಾಣಿಯೆಂಬ ಬಾಲಕನಿಗೆ ಅಲ್ಲಿ ಆಸರೆಯಾಗುವವಳು ಉಪಾಧ್ಯಾಯರ ವಿಧವೆ ಮಗಳಾದ ಯಮುನಾ. ಅವಳು ಗರ್ಭಿಣಿಯಾದುದು ಬಯಲಾದಾಗ, ಬದುಕಿರುವವಳಿಗೇ ಶ್ರಾದ್ಧಮಾಡಿ, ಮಡಕೆಯೊಡೆದು, ಕುಲದಿಂದ ಹೊರಗಿಡುವ ವಿಧಿಯು ತಂದೆಯ ಕೈಯಿಂದಲೇ ನೆರವೇರುತ್ತದೆ. ಕಡೆಯಲ್ಲಿ ಊರಿಗೆ ಮರಳುವ ನಾಣಿಗೆ, ತಲೆ ಬೋಳಿಸಿಕೊಂಡು ಮರದಡಿಯಲ್ಲಿ ಕುಳಿತ ಯಮುನೆಯು ಕಾಣುತ್ತಾಳೆ. ಹಿರಿಯರೆಲ್ಲರೂ ತೀರ್ಪು ಕೊಟ್ಟು ಮುಗಿಸಿದ್ದಾರೆ. ಬಾಲಕನಿಗೆ ಮಾತ್ರ ಆ ತೀರ್ಪು ಅರ್ಥವಾಗಿಲ್ಲ. ಪ್ರೇಕ್ಷಕನು ಹುಡುಗನ ಕಣ್ಣಿನಿಂದ ನೋಡಿರುವನಾದುದರಿಂದ, ಅರ್ಥವಾಗದ ಆ ನೋಟದ ಹೊರೆಯನ್ನು ತಾನೂ ಹೊತ್ತುಕೊಂಡೇ ಮನೆಗೆ ಹೋಗಬೇಕಾಗುತ್ತದೆ.

ಬಿ. ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ (೧೯೭೫) ಯಲ್ಲಿ ಈ ಕೆಲಸವನ್ನು ನಾದವು ಮಾಡುತ್ತದೆ. ಶಿವರಾಮ ಕಾರಂತರ ಕಾದಂಬರಿಯ ಚೋಮನಿಗೆ ಬೇಕಾದುದು ಉಳುವುದಕ್ಕೆ ತುಂಡುಭೂಮಿ. ಅವನ ಜಾತಿಗೆ ಅದು ಸಲ್ಲದೆಂಬುದು ಊರಿನ ಕಟ್ಟಳೆ. ಸಿಟ್ಟು, ದುಃಖ, ಆಸೆಗಳಿಗೆಲ್ಲ ಅವನಿಗಿದ್ದ ಮಾತು ದುಡಿಯೊಂದೇ. ಕಟ್ಟಕಡೆಗೆ ಗುಡಿಸಲ ಬಾಗಿಲು ಹಾಕಿಕೊಂಡು ಬಾರಿಸುವ ದುಡಿ ಅವನ ಉಸಿರಿನೊಡನೆ ನಿಲ್ಲುತ್ತದೆ. ಎಂ. ವಿ. ವಾಸುದೇವರಾಯರ ಅಭಿನಯವನ್ನು ಕಂಡವರ ಕಿವಿಯಲ್ಲಿ ಮಾತ್ರ ಅದು ನಿಂತಿಲ್ಲ. ಗಂಟೆಯ ಹೋಲಿಕೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಪ್ರಶಸ್ತಿ ಪಡೆದ ಗಂಭೀರಚಿತ್ರಗಳಿಗೆ ಮಾತ್ರ ಈ ಗುಣ ಮೀಸಲೆಂದು ಭಾವಿಸಲಾಗದು. ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ (೧೯೭೨) ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ನಡೆದ ಜನಪ್ರಿಯ ಚಿತ್ರ. ಅದನ್ನು ನೋಡಿ ಪಟ್ಟಣ ತೊರೆದು ಬೇಸಾಯಕ್ಕೆ ಹಿಂದಿರುಗಿದವರುಂಟೆಂಬ ಮಾತೂ ಪ್ರಸಿದ್ಧವಾಗಿದೆ. ರಾಜಕುಮಾರರು ಅಭಿನಯಿಸಿದ ರಾಜೀವನು ನೆಲವನ್ನು ಹಸನುಮಾಡಿ, ಮನೆತನವನ್ನು ಎತ್ತಿನಿಲ್ಲಿಸಿ, ಕಡೆಗೆ ಅದೇ ಮನೆಯಿಂದ ಏನನ್ನೂ ಕೇಳದೆ ಒಬ್ಬನೇ ಹೊರಟುಹೋಗುತ್ತಾನೆ. ಎಲ್ಲಿಗೆ ಹೋದನೆಂದು ಚಿತ್ರವು ಹೇಳುವುದಿಲ್ಲ. ಹಾಡುಗಳಿಂದ ಸಂತೋಷಪಟ್ಟ ಪ್ರೇಕ್ಷಕನಿಗೆ ಕೊನೆಗೆ ಉಳಿಯುವುದು ಆ ನಡೆದುಹೋಗುವ ಆಕೃತಿ.

ಈ ಮೂರರಲ್ಲಿಯೂ ಸಾಮಾನ್ಯವಾಗಿರುವ ಅಂಶವೊಂದುಂಟು: ಕಥೆ ಮುಗಿಯುತ್ತದೆ, ಲೆಕ್ಕ ಚುಕ್ತಾ ಆಗುವುದಿಲ್ಲ. ಮನಶ್ಶಾಸ್ತ್ರಜ್ಞೆ ಬ್ಲೂಮಾ ಜೈಗಾರ್ನಿಕ್ ೧೯೨೭ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪೂರೈಸಿದ ಕೆಲಸಗಳಿಗಿಂತ ನಡುವೆ ತಡೆದ ಕೆಲಸಗಳು ಹೆಚ್ಚು ನೆನಪಿನಲ್ಲಿ ಉಳಿಯುವುವೆಂದು ತೋರಿಸಿದಳು. ಆಮೇಲಿನ ಪ್ರಯೋಗಗಳೆಲ್ಲವೂ ಇದನ್ನು ಸಮರ್ಥಿಸಿಲ್ಲವಾದುದರಿಂದ ಇದನ್ನು ನಿಯಮವೆಂದು ಹಿಡಿಯುವಂತಿಲ್ಲ. ಅಪೂರ್ಣತೆಯೊಂದೇ ಸಾಲದೆಂಬುದು ಅನುಭವಸಿದ್ಧವೂ ಹೌದು. ಅರೆಬರೆಯಾಗಿ ಕೊನೆಗಾಣುವ ಕೆಟ್ಟ ಚಿತ್ರಗಳಿಗೆ ಕೊರತೆಯಿಲ್ಲ, ಅವುಗಳನ್ನು ಯಾರೂ ನೆನೆಯುವುದಿಲ್ಲ. ಪ್ರಶ್ನೆಯು ಪ್ರೇಕ್ಷಕನಿಗೆ ತನ್ನದೆನಿಸಬೇಕು. ಪ್ರಾಚೀನರು ಇದಕ್ಕೇ ಸಹೃದಯನಲ್ಲಿ ವಾಸನಾರೂಪವಾಗಿ ಭಾವಗಳು ಮೊದಲೇ ನೆಲೆಸಿರಬೇಕೆಂದರು. ವಾಸನೆಯಿಲ್ಲದೆಡೆ ಗಂಟೆ ಬಡಿದರೂ ನಾದವೇಳದು.

ನೌಪಾಡಾದ ಕನ್ನಡಿಗರ ಪ್ರಸಂಗವನ್ನು ಇಲ್ಲಿ ಎತ್ತಿಕೊಳ್ಳುವುದು ಉಚಿತ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಬಂದು ತಲಪಿದುದು ಠಾಣೆಗೆ. ಆ ನಿಲ್ದಾಣದ ಪಶ್ಚಿಮಕ್ಕಿರುವ ನೌಪಾಡಾ ಮರಾಠಿ ಮಾತಿನ ಹಳೆಯ ಬಡಾವಣೆ. ಗೋಖಲೆ ರಸ್ತೆಯ ಮಲ್ಹಾರ್ ಚಿತ್ರಮಂದಿರದ ಹೆಸರು ಅಲ್ಲಿ ದಾರಿಯ ಗುರುತಾಗಿಯೂ ಬಳಕೆಗೆ ಬಂದಿತು. ಇಂಥ ಬಡಾವಣೆಯಲ್ಲಿ ನೆಲೆಸಿದ ಕನ್ನಡಿಗನಿಗೆ ಹಿಂದಿ ಮರಾಠಿ ಚಿತ್ರಗಳು ಬಾಗಿಲಲ್ಲಿಯೇ ದೊರೆಯುತ್ತಿದ್ದವು. ಕನ್ನಡ ಚಿತ್ರ ಬೇಕೆಂದರೆ ಲೋಕಲ್ ಗಾಡಿ ಹತ್ತಿ, ದಕ್ಷಿಣದ ಭಾಷೆಗಳ ಚಿತ್ರಗಳಿಗೆ ಹೆಸರಾಗಿದ್ದ ಮಾಟುಂಗಾದ ಅರೋರಾದಂಥ ಚಿತ್ರಮಂದಿರಕ್ಕೆ ಅದು ಬಂದೀತೆಂದು ಕಾಯಬೇಕಿತ್ತು. ಇಲ್ಲವೆ ರಜೆಯಲ್ಲಿ ಊರಿಗೆ ಹೋದಾಗ ನೋಡಬೇಕಿತ್ತು. ೧೯೮೦ರ ದಶಕದಲ್ಲಿ ದೂರದರ್ಶನವು ಭಾನುವಾರದ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳನ್ನು ತೋರಿಸತೊಡಗಿದಾಗಲೂ ಕನ್ನಡದ ಸರದಿ ಅಪರೂಪವೇ. ಒಂದು ಸಲ ನೋಡಿದುದನ್ನು ಮತ್ತೆ ನೋಡುವ ಭರವಸೆಯಿರಲಿಲ್ಲವಾದುದರಿಂದ ಜ್ಞಾಪಕವೇ ಭಂಡಾರವಾಗಿ ಕೆಲಸಮಾಡಬೇಕಾಯಿತು.

ನೋಟದ ಅರ್ಥವೂ ಇಲ್ಲಿ ಬೇರೆಯಾಗುವುದು ಸಹಜ. ಹೊಲಮನೆಗಳನ್ನು ಅಣ್ಣತಮ್ಮಂದಿರಿಗೆ ಬಿಟ್ಟು ನೌಕರಿಗಾಗಿ ಬಂದವನಿಗೆ ರಾಜೀವನ ನಿರ್ಗಮನವು ಕೇವಲ ತ್ಯಾಗದ ಆದರ್ಶವಾಗಿ ಕಾಣಲಾರದು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿದ ‘ತಬರನ ಕಥೆ’ (೧೯೮೬) ಯಲ್ಲಿ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನಿಗೆ ಹಣ ಬರುವ ಹೊತ್ತಿಗೆ, ಆ ಹಣದಿಂದ ಬದುಕಬೇಕಾಗಿದ್ದ ಹೆಂಡತಿ ತೀರಿಹೋಗಿರುತ್ತಾಳೆ. ಕಡತಗಳ ನಡುವೆಯೇ ಬಾಳು ಸವೆಸಿದ ಗುಮಾಸ್ತರ ಊರಿನಲ್ಲಿ ಆ ಕಥೆಯು ಮಲೆನಾಡಿನ ಕಥೆಯಾಗಿ ಮಾತ್ರ ಉಳಿಯುವುದಿಲ್ಲ. ಚಿತ್ರ ಒಂದೇ, ವಾಸನೆಗೆ ತಕ್ಕಂತೆ ಅನುರಣನವು ಬೇರೆ.

ಆದರೆ ಜ್ಞಾಪಕವೆಂಬ ಭಂಡಾರಕ್ಕೆ ಎರಡು ದೋಷಗಳಿವೆ. ಕೇಂಬ್ರಿಜ್ಜಿನ ಫ್ರೆಡರಿಕ್ ಬಾರ್ಟ್‌ಲೆಟ್ ೧೯೩೨ರ ತನ್ನ ಗ್ರಂಥದಲ್ಲಿ ತೋರಿಸಿದಂತೆ, ಪರಿಚಯವಿಲ್ಲದ ಕಥೆಯೊಂದನ್ನು ಓದಿದವರು ಅದನ್ನು ಮತ್ತೆ ಮತ್ತೆ ಹೇಳುವಾಗ ಅರ್ಥವಾಗದುದನ್ನು ಬಿಟ್ಟು, ತಮಗೆ ಒಗ್ಗುವಂತೆ ತಿದ್ದಿಕೊಳ್ಳುತ್ತ ಹೋಗುತ್ತಾರೆ. ನೆನಪು ಪ್ರತಿಸಲವೂ ಹೊಸದಾಗಿ ಕಟ್ಟಿದ ಕಟ್ಟಡ. ಎರಡನೆಯ ದೋಷ ಇನ್ನೂ ಕಠೋರವಾದುದು: ನೆನೆಯುವವರೊಡನೆ ನೆನಪೂ ಹೋಗುತ್ತದೆ.

ಕನ್ನಡದ ಮೊದಲ ವಾಕ್ಚಿತ್ರವೇ ಇದಕ್ಕೆ ನಿದರ್ಶನ. ವೈ. ವಿ. ರಾವ್ ನಿರ್ದೇಶಿಸಿದ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡದ್ದು ೧೯೩೪ರ ಮಾರ್ಚ್ ೩ರಂದು. ಇಂದ್ರಜಿತುವಾಗಿ ಸುಬ್ಬಯ್ಯನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬಾ ಅಭಿನಯಿಸಿದ್ದರು. ಅದರ ಚಿತ್ರೀಕರಣ ನಡೆದುದು ಕೊಲ್ಲಾಪುರದಲ್ಲಿ, ಅಂದರೆ ಇಂದಿನ ಮಹಾರಾಷ್ಟ್ರದ ನೆಲದಲ್ಲಿ. ಹೊರನಾಡಿನಲ್ಲಿ ಹುಟ್ಟಿದ ಈ ಕನ್ನಡ ಕೃತಿಯ ಒಂದು ಪ್ರತಿಯೂ ಉಳಿದುಬಂದಿಲ್ಲ. ಅದನ್ನು ಕಂಡು ಅತ್ತವರು, ಮೆಚ್ಚಿದವರು, ತಮ್ಮ ಮಕ್ಕಳಿಗೆ ಬಣ್ಣಿಸಿದವರು ಎಷ್ಟೋ ಮಂದಿ ಇದ್ದಿರಬೇಕು. ಫಿಲ್ಮು ನಾಶವಾದ ಮೇಲೂ ಬಹುಕಾಲ ಆ ಚಿತ್ರವು ಅವರ ಮನಸ್ಸಿನಲ್ಲಿ ಬದುಕಿತ್ತು. ಅದನ್ನು ಬರೆದಿಟ್ಟವರು ವಿರಳವಾದುದರಿಂದ ಈಗ ಆ ಎರಡನೆಯ ಪ್ರತಿಯೂ ಇಲ್ಲವಾಗಿದೆ.

ಫಿಲ್ಮನ್ನು ಉಳಿಸುವ ಕಾರ್ಯವು ದೊಡ್ಡ ಸಂಸ್ಥೆಗಳದು. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಭಂಡಾರವು ೧೯೬೪ರಲ್ಲಿ ಆರಂಭವಾಯಿತು. ‘ಘಟಶ್ರಾದ್ಧ’ವು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನ ಪ್ರಯತ್ನದಿಂದ ಜೀರ್ಣೋದ್ಧಾರಗೊಂಡು ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾದುದು ಕನ್ನಡಿಗರಿಗೆ ಹರ್ಷದ ಸಂಗತಿ. ಪ್ರೇಕ್ಷಕರ ನೆನಪನ್ನು ಉಳಿಸುವ ಕಾರ್ಯಕ್ಕಾದರೋ ಕಾಗದ, ಲೇಖನಿ, ತಾಳ್ಮೆಗಳು ಸಾಕು. ಠಾಣೆ, ಡೊಂಬಿವಲಿ, ಕಲ್ಯಾಣಗಳ ಹಿರಿಯ ಕನ್ನಡಿಗರಿಂದ, ಯಾವ ಚಿತ್ರವನ್ನು ಯಾವ ವರ್ಷ ಎಲ್ಲಿ ನೋಡಿದರು, ಸಂಗಡ ಯಾರಿದ್ದರು, ಯಾವ ದೃಶ್ಯ ಉಳಿದಿದೆ, ಅದು ಯಾವ ಕಾರಣದಿಂದ ಮರಳಿ ಮರಳಿ ಬರುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಪಡೆದು ದಾಖಲಿಸಿದರೆ, ಅದು ಹೊರನಾಡ ಕನ್ನಡಿಗರ ಭಾವಜೀವನದ ಚರಿತ್ರೆಗೆ ಆಧಾರವಾಗಬಲ್ಲುದು. ಚಿತ್ರದ ಪ್ರತಿ ಲಭ್ಯವಿರುವಲ್ಲಿ ನೆನಪನ್ನು ಅದರೊಡನೆ ಹೋಲಿಸಿ, ಎಲ್ಲಿ ವ್ಯತ್ಯಾಸವಾಗಿದೆಯೆಂಬುದನ್ನೂ ಗುರುತಿಸಬೇಕು. ಆ ವ್ಯತ್ಯಾಸವನ್ನು ತಪ್ಪೆಂದು ಹೊಡೆದುಹಾಕತಕ್ಕದ್ದಲ್ಲ. ಪ್ರೇಕ್ಷಕನ ಸ್ವಂತ ಬಾಳು ಚಿತ್ರದೊಳಗೆ ಸೇರಿಕೊಂಡ ಸ್ಥಳ ಅದೇ.

ಇಂದು ಹಳೆಯ ಕನ್ನಡ ಚಿತ್ರಗಳಲ್ಲಿ ಹಲವು ಕೈಯೊಳಗಿನ ದೂರವಾಣಿಯಲ್ಲಿಯೇ ದೊರೆಯುತ್ತಿವೆ. ಮತ್ತೆ ನೋಡುವುದು ಸುಲಭವಾಗಿರುವುದರಿಂದ ನೆನಪಿಟ್ಟುಕೊಳ್ಳುವ ಅಗತ್ಯ ಕುಗ್ಗಿರಬಹುದು. ಮರುನೋಟದ ಆಸೆಯಿಲ್ಲದೆ ನೋಡಿ, ಜ್ಞಾಪಕದಲ್ಲಿ ಹೊತ್ತು ತಂದವರ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರನ್ನು ಕೇಳತಕ್ಕ ಕಾಲ ಇದು.