ನದಿಯ ಲಯ ತಪ್ಪಿದರೆ ಮೀನಿಗೆ ನೆಲೆಯಿಲ್ಲ

ಮಳೆಗಾಲದಲ್ಲಿ ಪಶ್ಚಿಮಕ್ಕೆ ಹರಿದು ಕಡಲು ಸೇರುವ ನೀರೆಲ್ಲ ವ್ಯರ್ಥ ಎಂಬ ಮಾತು, ರಾಜ್ಯದಲ್ಲಿ ನೀರಾವರಿ ಯೋಜನೆಯ ಪ್ರಸ್ತಾಪ ಬಂದಾಗಲೆಲ್ಲ ಕೇಳಿಬರುತ್ತದೆ. ವಾದ-ಪ್ರತಿವಾದಗಳು ಟಿಎಂಸಿ ಅಡಿಗಳ ಲೆಕ್ಕದಲ್ಲೇ ನಡೆಯುತ್ತವೆ. ಆದರೆ ನದಿಯ ಮೀನುಗಳ ಪಾಲಿಗೆ ವರ್ಷದ ಒಟ್ಟು ಲೆಕ್ಕ ಅರ್ಧ ಸತ್ಯ ಮಾತ್ರ. ನೀರು ಯಾವಾಗ ಹರಿಯಿತು, ಎಷ್ಟು ವೇಗವಾಗಿ ಹರಿಯಿತು, ಎಲ್ಲಿಯವರೆಗೆ ತಡೆಯಿಲ್ಲದೆ ಹರಿಯಿತು ಎಂಬುದೇ ಅವುಗಳ ಅಳಿವು-ಉಳಿವನ್ನು ನಿರ್ಧರಿಸುತ್ತದೆ.

ಭೂಮಿಯ ಒಟ್ಟು ನೀರಿನಲ್ಲಿ ನದಿ, ಕೆರೆ, ಸರೋವರಗಳ ಪಾಲು ಸುಮಾರು ಶೇ 0.01 ಮಾತ್ರ. ಆದರೂ ಜಗತ್ತಿನ ಮೀನು ಪ್ರಭೇದಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಈ ಸಿಹಿನೀರಿನಲ್ಲೇ ಬದುಕುತ್ತವೆ. ಹೆಚ್ಚು ನೀರು ಹರಿಯುವ ನದಿಗಳಲ್ಲಿ ಸಾಮಾನ್ಯವಾಗಿ ಮೀನು ಪ್ರಭೇದಗಳೂ ಹೆಚ್ಚು ಎಂಬುದನ್ನು ವಿವಿಧ ಖಂಡಗಳ ನದಿಗಳನ್ನು ಹೋಲಿಸಿದ ಅಧ್ಯಯನಗಳು ತೋರಿಸಿವೆ. ಹರಿವು ಕುಗ್ಗಿದರೆ ವಾಸಸ್ಥಾನಗಳೂ ಕುಗ್ಗುತ್ತವೆ.

ನೆರೆಯೇ ಕರೆಯೋಲೆ

ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿಬರುವ ಮೀನನ್ನು ಮಲೆನಾಡಿನವರು 'ಹತ್ತುಮೀನು' ಎನ್ನುತ್ತಾರೆ. ಕರಾವಳಿಯಲ್ಲಿ ಇದೇ ಕಾಲದ ಮೀನುಬೇಟೆಗೆ 'ಉಬರ್' ಎಂಬ ಹೆಸರಿದೆ. ಹೀಗೆ ಹತ್ತುವ ಮೀನುಗಳಲ್ಲಿ ಬಹುಪಾಲು ಮೊಟ್ಟೆ ತುಂಬಿದವು. ನೀರು ಏರುವುದು, ತಂಪಾಗುವುದು, ಕೆಂಪಾಗುವುದು ಇವೆಲ್ಲ ಸೇರಿ ಸಂತಾನೋತ್ಪತ್ತಿಯ ಸೂಚನೆಯಾಗುತ್ತವೆ. ಹೊಸ ನೀರು ನಿಂತ ಗದ್ದೆ-ತಗ್ಗುಗಳಲ್ಲಿ ಮರಿಗಳಿಗೆ ಆಹಾರ ಸಮೃದ್ಧ. ದೊಡ್ಡ ಮೀನುಗಳ ಕಾಟ ಕಡಿಮೆ.

ಈ ಸೂಚನೆ ಎಷ್ಟು ಅನಿವಾರ್ಯವೆಂಬುದಕ್ಕೆ ಕಾಟ್ಲಾ, ರೋಹು, ಮೃಗಾಲ್ ಮೀನುಗಳೇ ಸಾಕ್ಷಿ. ನಿಂತ ನೀರಿನ ಕೊಳದಲ್ಲಿ ಅವು ಚೆನ್ನಾಗಿ ಬೆಳೆದರೂ ತಾವಾಗಿ ಮೊಟ್ಟೆ ಇಡುವುದಿಲ್ಲ. ಒಂದು ಕಾಲದಲ್ಲಿ ಮರಿಗಳಿಗಾಗಿ ನೆರೆ ಬಂದ ನದಿಗಳನ್ನೇ ನೆಚ್ಚಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಹಾಗೂ ಸಹೋದ್ಯೋಗಿಗಳು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಅವುಗಳ ಸಂತಾನೋತ್ಪತ್ತಿ ಮಾಡಿಸುವಲ್ಲಿ ಯಶಸ್ವಿಯಾದರು. ಆ ದಿನವನ್ನೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತಿದೆ. ಕೊಳದ ಮೀನಿಗೆ ಚುಚ್ಚುಮದ್ದು ಕೊಡಬಹುದು. ಕಾಡಿನ ಹೊಳೆಯ ಮೀನಿಗೆ ನೆರೆಯೊಂದೇ ಗತಿ.

ವೇಗವೂ ಬೇಕು, ಮಡುವೂ ಬೇಕು

ಪಶ್ಚಿಮ ಘಟ್ಟದ ಹೊಳೆಯೊಂದರಲ್ಲಿ ಕೆಲವೇ ಮೀಟರ್ ಅಂತರದಲ್ಲಿ ಭೋರ್ಗರೆಯುವ ಕಲ್ಲುಹಾಸೂ ಇರುತ್ತದೆ, ಆಳವಾದ ಮಡುವೂ ಇರುತ್ತದೆ. ಕಲ್ಲುಹಾಸಿನಲ್ಲಿ ಗರ್ರಾ, ಬಾಲಿಟೋರಾದಂತಹ ಸಣ್ಣ ಮೀನುಗಳು ಬಂಡೆಗೆ ಅಂಟಿಕೊಂಡು ಪಾಚಿ ಮೇಯುತ್ತವೆ. ರಭಸದ ನೀರಿನಲ್ಲಿ ಕರಗಿರುವ ಹೇರಳ ಆಮ್ಲಜನಕ ಅವುಗಳಿಗೆ ಅಗತ್ಯ. ಮಹಶೀರ್‌ನಂತಹ ದೊಡ್ಡ ಮೀನುಗಳಿಗೆ ಬೇಸಿಗೆಯಲ್ಲಿ ಮಡುಗಳೇ ಆಸರೆ. ಶಿಶಿಲ, ಶೃಂಗೇರಿಗಳಲ್ಲಿ ಭಕ್ತರು 'ದೇವರ ಮೀನು' ಎಂದು ಕಾಪಾಡಿಕೊಂಡು ಬಂದಿರುವುದೂ ಇಂತಹ ಮಡುಗಳ ಮೀನುಗಳನ್ನೇ.

ಹರಿವು ನಿಂತರೆ ಈ ವೈವಿಧ್ಯ ಅಳಿಸಿಹೋಗುತ್ತದೆ. ಕಲ್ಲಿನ ಸಂದುಗಳಲ್ಲಿ ಹೂಳು ತುಂಬುತ್ತದೆ. ಜಲಾಶಯದಲ್ಲಿ ಕಾಟ್ಲಾ, ಜಿಲೇಬಿ ಮೀನುಗಳು ಹೇರಳವಾಗಿ ಸಿಗಬಹುದು. ಮೀನುಗಾರಿಕೆಯ ಇಳುವರಿ ಹೆಚ್ಚಲೂಬಹುದು. ಆದರೆ ಅವು ಕಲ್ಲುಹಾಸಿನ ಮೀನುಗಳ ಸ್ಥಾನವನ್ನು ತುಂಬಲಾರವು. ಇಳುವರಿ ಬೇರೆ, ವೈವಿಧ್ಯ ಬೇರೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಶರಾವತಿ ಕಣಿವೆಯಲ್ಲಿ 2006ರಲ್ಲೂ ಎರಡು ಹೊಸ ಪ್ರಭೇದಗಳನ್ನು ವಿಜ್ಞಾನಿಗಳು ದಾಖಲಿಸಿದರು. ಶಿಸ್ಟುರಾ ಶರಾವತಿಯೆನ್ಸಿಸ್ ಮತ್ತು ಶಿಸ್ಟುರಾ ನಾಗೋಡಿಯೆನ್ಸಿಸ್ ಎಂಬ ಈ ಎರಡೂ ಹರಿಯುವ ತೊರೆಗಳ ಪುಟ್ಟ ಮೀನುಗಳು.

ಕಿರು ಯೋಜನೆ, ಒಣ ಹೊಳೆ

ದೊಡ್ಡ ಅಣೆಕಟ್ಟುಗಳಿಗೆ ಪರ್ಯಾಯವೆಂದು ಬಂದ ಕಿರು ಜಲವಿದ್ಯುತ್ ಯೋಜನೆಗಳೂ ಇದಕ್ಕೆ ಹೊರತಲ್ಲ. ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿ, ನೀರನ್ನು ಕಾಲುವೆ ಅಥವಾ ಕೊಳವೆಯಲ್ಲಿ ಕೆಳಗಿನ ವಿದ್ಯುದಾಗಾರಕ್ಕೆ ಒಯ್ಯಲಾಗುತ್ತದೆ. ಒಡ್ಡಿಗೂ ವಿದ್ಯುದಾಗಾರಕ್ಕೂ ನಡುವಿನ ಹೊಳೆ ಬೇಸಿಗೆಯಲ್ಲಿ ಬಹುತೇಕ ಬರಿದಾಗುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 25 ಮೆಗಾವಾಟ್‌ಗಿಂತ ಕಡಿಮೆ ಸಾಮರ್ಥ್ಯದ ಜಲವಿದ್ಯುತ್ ಯೋಜನೆಗಳಿಗೆ ಪರಿಸರ ಅನುಮೋದನೆಯ ಅಗತ್ಯವಿಲ್ಲ.

ನೇತ್ರಾವತಿಯ ಮೇಲ್ಭಾಗದಲ್ಲಿ ಒಡ್ಡು ಇರುವ ಮತ್ತು ಇಲ್ಲದ ಉಪನದಿಗಳನ್ನು ಹೋಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಡ್ಡಿನಿಂದಾಗಿ ನೀರು ಬತ್ತಿದ ಭಾಗದಲ್ಲಿ ಉಷ್ಣತೆ ಏರಿದ್ದು, ಆಮ್ಲಜನಕ ತಗ್ಗಿದ್ದು, ಮೀನು ಸಮುದಾಯದ ಸ್ವರೂಪವೇ ಬದಲಾಗಿದ್ದು ಅದರಲ್ಲಿ ಕಂಡುಬಂದಿದೆ.

ಕಾವೇರಿಯ ಪಾಠ

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಸದಸ್ಯರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಕಾವೇರಿ ಕೊಳ್ಳದಲ್ಲಿ ಮಾತ್ರ ಬದುಕುವ, ಬೆನ್ನಿನ ಮೇಲೆ ಡುಬ್ಬವಿರುವ ಈ ಮಹಶೀರ್ 'ಟಾರ್ ರೆಮಾದೇವಿ' ಎಂಬ ಪ್ರಭೇದವೆಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿಗೂ ಸೇರಿತು. ಇದಕ್ಕೆ ಹರಿವಿನ ಬದಲಾವಣೆಯೊಂದೇ ಕಾರಣವಲ್ಲ. ಸಿಡಿಮದ್ದಿನ ಬೇಟೆ ಮತ್ತು ಹೊರಗಿನಿಂದ ತಂದು ಬಿಟ್ಟ ಬೇರೊಂದು ಮಹಶೀರ್‌ನ ಪೈಪೋಟಿಯೂ ಸೇರಿವೆ. ಅಣೆಗಳಿಂದ ತುಂಡಾದ ನದಿಯಲ್ಲಿ ಈ ಹೊಡೆತಗಳನ್ನು ತಾಳಿಕೊಳ್ಳುವ ಶಕ್ತಿ ಮೀನಿಗೆ ಕಡಿಮೆ.

ಪರಿಹಾರವೇನು?

ನದಿಯ ಜೀವಿಗಳಿಗೆಂದು ನೀರು ಉಳಿಸುವುದಕ್ಕೆ 'ಪರಿಸರ ಹರಿವು' ಎನ್ನುತ್ತಾರೆ. ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಗಂಗಾ ನದಿಗೆ ಇಂತಹ ಪ್ರಮಾಣ ನಿಗದಿಪಡಿಸಿತು. ನದಿಯ ಮೇಲ್ಭಾಗದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಹರಿವಿನ ಶೇ 20, ಮಳೆಗಾಲದಲ್ಲಿ ಶೇ 30ರಷ್ಟನ್ನು ಬಿಡಬೇಕು. ಬೇಸಿಗೆ-ಮಳೆಗಾಲಗಳಿಗೆ ಬೇರೆಬೇರೆ ಪ್ರಮಾಣ ಎಂಬುದೇ ಇಲ್ಲಿನ ಮುಖ್ಯಾಂಶ. ಆದರೆ ಆ ಅಧಿಸೂಚನೆಯ ವ್ಯಾಪ್ತಿ ಗಂಗೆಗೆ ಸೀಮಿತ.

ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಒಟ್ಟು 24.01 ಟಿಎಂಸಿ ಅಡಿ ನೀರನ್ನು ಮಳೆಗಾಲದಲ್ಲಷ್ಟೇ ತಿರುಗಿಸುವುದರಿಂದ ನದಿಗೆ ತೊಂದರೆಯಿಲ್ಲ ಎಂಬುದು ಯೋಜನೆಯ ಪರವಾದ ವಾದ. ಬಯಲುಸೀಮೆಯ ಕುಡಿಯುವ ನೀರಿನ ಬವಣೆಯೂ ಸುಳ್ಳಲ್ಲ. ಆದರೆ ಹೊಳೆಯ ಮೀನು ಸಂತಾನಕ್ಕಾಗಿ ಕಾಯುವುದು ಆ ಮಳೆಗಾಲವನ್ನೇ. ಮುಂಗಾರಿನ ಮೊದಲ ನೆರೆಗಳನ್ನು ತಡೆಯದೆ ಬಿಡುವುದು, ಬೇಸಿಗೆಯಲ್ಲಿ ಮಡುಗಳು ಬತ್ತದಷ್ಟು ನೀರು ಉಳಿಸುವುದು, ಪ್ರತಿ ಕಣಿವೆಯಲ್ಲೂ ಕೆಲವು ಉಪನದಿಗಳನ್ನಾದರೂ ಒಡ್ಡಿಲ್ಲದೆ ಕಾಯ್ದುಕೊಳ್ಳುವುದು ಅಸಾಧ್ಯವಾದ ಕೆಲಸಗಳಲ್ಲ.

ಕಡಲ ಮೀನಿನ ಸಂತಾನಕಾಲವೆಂದು ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ. ನದಿಯ ಮೀನಿಗೂ ಅದೇ ಸಂತಾನಕಾಲ. ಅದಕ್ಕೆ ಬೇಕಿರುವ ವಿನಾಯಿತಿ ಬಲೆಯಿಂದ ಮಾತ್ರವಲ್ಲ, ಒಡ್ಡಿನ ಬಾಗಿಲಿನಿಂದಲೂ ಹೌದು.