ಊರ ಹೆಸರೇ ಕಲಾವಿದನ ಹೆಸರಾದಾಗ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಸಂತೆಯಲ್ಲಾದರೂ ‘ರಾಮಚಂದ್ರ ಹೆಗಡೆಯವರೇ’ ಎಂದು ಕೂಗಿ ನೋಡಿ, ನಾಲ್ಕಾರು ಜನ ತಿರುಗುತ್ತಾರೆ. ಯಕ್ಷಗಾನವೇ ಆ ಹೆಸರಿನ ಇಬ್ಬರು ಹೆಸರಾಂತ ವೇಷಧಾರಿಗಳನ್ನು ಕಂಡಿದೆ. ಆದರೂ ಯಾರಿಗೂ ಗೊಂದಲವಿಲ್ಲ: ಒಬ್ಬರು ಚಿಟ್ಟಾಣಿ, ಇನ್ನೊಬ್ಬರು ಕೊಂಡದಕುಳಿ.

ಈ ಸೀಮೆಯಲ್ಲಿ ಅಡ್ಡಹೆಸರುಗಳು ಕಡಿಮೆ. ಹೆಗಡೆ, ಭಟ್ಟ, ಭಾಗವತ, ನಾಯ್ಕ ಎನ್ನುವಷ್ಟರಲ್ಲಿ ಅರ್ಧ ಊರು ಮುಗಿಯುತ್ತದೆ. ಮನೆಗಳೋ ಅಡಿಕೆ ತೋಟದ ಅಂಚಿನಲ್ಲಿ ದೂರದೂರ. ಪ್ರತಿ ಕೇರಿಗೂ ಗದ್ದೆ, ಸರ, ಹದ್ದ, ಜಡ್ಡಿ ಎಂದು ಕೊನೆಯಾಗುವ ಒಂದು ಹೆಸರು. ಹೀಗಾಗಿ ಮನುಷ್ಯನನ್ನು ಗುರುತಿಸಲು ಊರೇ ಬೇಕು. ಮನೆಯಂಗಳದ ಈ ರೂಢಿ ವೇಷ ಕಟ್ಟುವ ಚೌಕಿಗೂ ಆಟದ ಕರಪತ್ರಕ್ಕೂ ಹಾಗೆಯೇ ಬಂತು. ನಾಲ್ಕು ಮನೆಯ ಊರೊಂದು ಜಿಲ್ಲೆಗೆಲ್ಲ ಪರಿಚಿತವಾದದ್ದು ಹೀಗೆ. ‘ಇವತ್ತು ಚಿಟ್ಟಾಣಿ ಇದ್ದಡ’ ಎಂಬ ಒಂದು ಮಾತು ಸಾಕಿತ್ತು, ಹತ್ತಾರು ಮೈಲಿಯಿಂದ ಜನ ಟಾರ್ಚು ಹಿಡಿದು ಹೊರಡುತ್ತಿದ್ದರು.

ಅಭಿಮಾನ ಎರಡಾಗಿ ಸೀಳಿದ್ದೂ ಇಂಥ ಹೆಸರುಗಳ ಸುತ್ತಲೇ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಮಗ ಶಂಭು ಹೆಗಡೆ ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದು, 1973ರಲ್ಲಿ ಮೇಳಕ್ಕೆ ಮರುಜೀವ ಕೊಟ್ಟರು. ಪಾತ್ರದ ಔಚಿತ್ಯ, ಅಳೆದ ಮಾತು, ಇಡೀ ಪ್ರಸಂಗ ಒಂದಾಗಿ ಕೂಡಿಬರುವ ಶಿಸ್ತು ಅವರ ಹಾದಿ. ಚಿಟ್ಟಾಣಿಯವರದು ಬೇರೆಯೇ ದಾರಿ. ಭಸ್ಮಾಸುರ, ಕೀಚಕರಾಗಿ ಅವರು ರಂಗಕ್ಕೆ ಬಂದರೆ ನಿದ್ದೆಗಣ್ಣಿನ ಸಭೆ ಎದ್ದು ಕೂರುತ್ತಿತ್ತು. ಒಂದು ಪದ್ಯವನ್ನು ಕಣ್ಣು, ಬೆರಳು, ಹೆಜ್ಜೆಗಳಲ್ಲಿ ಎಷ್ಟು ಬಗೆಯಾಗಿ ಬಿಡಿಸಬಹುದೆಂದು ಅವರು ತೋರಿಸಿದರು. ‘ಕುಣಿತ ಹೆಚ್ಚಾಯಿತು’ ಎಂದು ಕೆರೆಮನೆ ಪಕ್ಷ, ‘ನಿಮ್ಮದರಲ್ಲಿ ಬಿಸಿಯೇ ಇಲ್ಲ’ ಎಂದು ಚಿಟ್ಟಾಣಿ ಪಕ್ಷ. ಮರುದಿನ ಅಡಿಕೆ ಸುಲಿಯುವಾಗಲೂ ಇದೇ ವಾದ. ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ.

ಗಮನಿಸಬೇಕಾದದ್ದು, ಈ ಗೆರೆ ತಾಲೂಕಿನ ಗಡಿಯಲ್ಲೂ ಇರಲಿಲ್ಲ, ಘಟ್ಟದ ಅಂಚಿನಲ್ಲೂ ಇರಲಿಲ್ಲ. ಕೆರೆಮನೆ, ಚಿಟ್ಟಾಣಿ ಎರಡೂ ಘಟ್ಟದ ಕೆಳಗಿನ ಹೊನ್ನಾವರದ ಕಡೆಯ ಊರುಗಳು. ಅವರಿಗಾಗಿ ಜಗಳಾಡಿದವರು ಮೇಲಿನವರು! ಆ ಇಡಗುಂಜಿ ಮೇಳಕ್ಕೆ ದಶಕಗಳ ಕಾಲ ದನಿಯಾದವರೋ ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು. ಶಿರಸಿ ಕಡೆಯವರೇ ಆದ ಹೊಸ್ತೋಟ ಮಂಜುನಾಥ ಭಾಗವತರಂತೂ ಯಾವ ಪಕ್ಷಕ್ಕೂ ಸಿಗದೆ, 200ಕ್ಕೂ ಹೆಚ್ಚು ಪ್ರಸಂಗ ಬರೆದು, ಊರೂರು ಅಲೆದು ಹೊಸಬರಿಗೆ ಹೆಜ್ಜೆ ಕಲಿಸಿದರು. ನನ್ನ ಲೆಕ್ಕದಲ್ಲಿ ಘಟ್ಟದ ಮೇಲಿನ ದೊಡ್ಡ ಕೊಡುಗೆ ಅದು.

ತಕರಾರಿಗೆ ಇನ್ನೂ ದೊಡ್ಡ ವಲಯವೊಂದಿತ್ತು. ತೆಂಕು, ಬಡಗು ಎಂಬ ತಿಟ್ಟುಗಳ ಹೆಸರು ದಿಕ್ಕಿನಿಂದ ಬಂದದ್ದು. ತೆಂಕಿನ ಚಂಡೆಯನ್ನು ನಿಂತು ಬಾರಿಸುತ್ತಾರೆ, ಬಡಗಿನದನ್ನು ಕುಳಿತು. ಕುಂದಾಪುರದ ಬಡಗಿಗಿಂತ ತಮ್ಮದು ಬೇರೆ ಎನ್ನುವ ಉತ್ತರ ಕನ್ನಡದವರ ಶೈಲಿಗೆ ‘ಬಡಾಬಡಗು’ ಎಂಬ ಹೆಸರು ನಿಂತಿತು. ಕರ್ಕಿಯ ಹಾಸ್ಯಗಾರ ಮನೆತನದ್ದು ಅದರ ಹಳೆಯ ಪರಂಪರೆಗಳಲ್ಲಿ ಒಂದು. ಆದರೆ ಟೆಂಟಿನ ಮೇಳಗಳ ಕಾಲದಲ್ಲಿ ಈ ಅಭಿಮಾನವೂ ಸಡಿಲವಾಯಿತು. ಸಾಲಿಗ್ರಾಮ ಮೇಳದ ಕಾಳಿಂಗ ನಾವಡರ ಹಾಡಿಗೆ ಘಟ್ಟದ ಮೇಲಿನವರೂ ಮರುಳಾದರು. 1990ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡಾಗ ಯಾವ ತಿಟ್ಟಿನವರೆಂದು ಯಾರೂ ಕೇಳಲಿಲ್ಲ.

ಶಂಭು ಹೆಗಡೆ 2009ರಲ್ಲಿ ಹೋದರು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ 2017ರಲ್ಲಿ, ನೆಬ್ಬೂರರು 2019ರಲ್ಲಿ, ಹೊಸ್ತೋಟದವರು 2020ರಲ್ಲಿ. ರಾತ್ರಿಯಿಡೀ ನಡೆಯುತ್ತಿದ್ದ ಆಟ ಈಗ ಬಹಳ ಕಡೆ ಮೂರು-ನಾಲ್ಕು ಗಂಟೆಗೆ ಇಳಿದಿದೆ. ವಾದಿಸುತ್ತಿದ್ದ ಆ ಪ್ರೇಕ್ಷಕರು ಕಲಾವಿದರಷ್ಟೇ ಮುಖ್ಯರಾಗಿದ್ದರು, ತಪ್ಪು ಹೆಜ್ಜೆಯನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. ಯಾರು ಯಾರೆದುರು ಯಾವ ವೇಷ ಮಾಡಿದರೆಂಬ ಆ ಕಾಲದ ಲೆಕ್ಕ ಬಹುಪಾಲು ಉಳಿದಿರುವುದು ಹಳೆಯ ಕರಪತ್ರಗಳಲ್ಲಿ. ನಿಮ್ಮ ಮನೆಯ ಅಟ್ಟದಲ್ಲಿ ಅಂಥವು ಇದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ. ಫೋಟೊ ತೆಗೆದಿಟ್ಟು, ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ.