ಆಜ್ಞೆ ಯಾವ ಊರಿಗೆ? ಕ್ಲಸ್ಟರ್ ನಿರ್ವಹಣೆಯ ಪ್ಲಗಿನ್‌ಗಳು



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಡಿಪ್ಲೊಮಾ ಅಥವಾ ಪದವಿ ಮುಗಿಸಿ ಬೆಂಗಳೂರಿನ ಕಂಪ್ಯೂಟರ್ ಕಂಪನಿಗಳಲ್ಲಿ ಕೆಲಸ ಹುಡುಕುವ ಯುವಕ ಯುವತಿಯರ ಕಿವಿಗೆ ಇಂದು ಬೀಳುವ ಹೆಸರುಗಳಲ್ಲಿ ‘ಕುಬರ್ನೆಟಿಸ್’ ಒಂದು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ಹಡಗಿನ ಚುಕ್ಕಾಣಿ ಹಿಡಿದವನು. ಗೂಗಲ್ ಸಂಸ್ಥೆ 2014ರಲ್ಲಿ ಇದನ್ನು ಮುಕ್ತ ತಂತ್ರಾಂಶವಾಗಿ ಹೊರತಂದಿತು.

ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಪರಿಕರಗಳ ಸಮೇತ ಕಟ್ಟಿಟ್ಟ ಗಂಟೇ ಕಂಟೇನರ್. ಹಲವು ಯಂತ್ರಗಳ ಗುಂಪು ಕ್ಲಸ್ಟರ್. ಕಂಟೇನರ್‌ಗಳನ್ನು ಈ ಯಂತ್ರಗಳಿಗೆ ಹಂಚಿ, ಒಂದು ನಿಂತರೆ ಅದರ ಜಾಗದಲ್ಲಿ ಇನ್ನೊಂದನ್ನು ನಡೆಸುವುದು ಕುಬರ್ನೆಟಿಸ್‌ನ ಹೊಣೆ. ಅದಕ್ಕೆ ನಾವು ಆಜ್ಞೆ ಕೊಡುವ ಸಾಧನ ‘ಕ್ಯೂಬ್‌ಕಂಟ್ರೋಲ್’. ಇದಕ್ಕೆ ಹೊಸ ಆಜ್ಞೆಗಳನ್ನು ಜೋಡಿಸುವ ಸಣ್ಣ ತಂತ್ರಾಂಶಗಳೇ ಪ್ಲಗಿನ್‌ಗಳು. ಅವುಗಳನ್ನು ಹುಡುಕಿ ತಂದು ಸ್ಥಾಪಿಸಲು ‘ಕ್ರೂ’ ಎಂಬ ವ್ಯವಸ್ಥಾಪಕವಿದೆ. ಇವೆಲ್ಲ ಉಚಿತ. ಆದರೆ ಯಾವುದನ್ನು ಆರಿಸಬೇಕು?

ಊರು ತಪ್ಪಿದ ಆಜ್ಞೆ

ನಾಲ್ಕು ಕ್ಲಸ್ಟರ್‌ಗಳಿಗೆ ನಮ್ಮ ನಾಲ್ಕು ತಾಲ್ಲೂಕುಗಳ ಹೆಸರಿಡೋಣ. ‘ಕೊರಟಗೆರೆ’ ಅಭ್ಯಾಸಕ್ಕೆ, ‘ಪಾವಗಡ’ದಲ್ಲಿ ಸಾರ್ವಜನಿಕರು ಬಳಸುವ ಸೇವೆ ನಡೆಯುತ್ತಿದೆ. ಕೊರಟಗೆರೆಗೆಂದು ಕೊಟ್ಟ ‘ಅಳಿಸು’ ಎಂಬ ಆಜ್ಞೆ ಪಾವಗಡಕ್ಕೆ ಹೋದರೆ ಗತಿಯೇನು? ಕ್ಯೂಬ್‌ಕಂಟ್ರೋಲ್ ತಾನಾಗಿ ‘ಖಚಿತವೇ?’ ಎಂದು ಕೇಳುವುದಿಲ್ಲ.

ಕ್ಲಸ್ಟರ್ ಬದಲಿಸುವ ಸೌಲಭ್ಯ ಕ್ಯೂಬ್‌ಕಂಟ್ರೋಲ್‌ನಲ್ಲೇ ಇದೆ. ಆದರೆ ಆಜ್ಞೆ ಉದ್ದ. ‘ಕ್ಯೂಬ್‌ಸಿಟಿಎಕ್ಸ್’ ಪ್ಲಗಿನ್ ಅದನ್ನು ಒಂದೆರಡು ಪದಕ್ಕೆ ಇಳಿಸುತ್ತದೆ. ಆದರೆ ಗಮನಿಸಿ: ಈ ಬದಲಾವಣೆ ಎಲ್ಲ ಕಿಟಕಿಗಳಿಗೂ ಸಾಮಾನ್ಯವಾದ ಒಂದೇ ಕಡತದಲ್ಲಿ ದಾಖಲಾಗುತ್ತದೆ. ಒಂದು ಕಿಟಕಿಯಲ್ಲಿ ಪಾವಗಡಕ್ಕೆ ಹೋದರೆ ಪಕ್ಕದ ಕಿಟಕಿಯೂ ಪಾವಗಡಕ್ಕೇ ಹೋಗಿರುತ್ತದೆ. ‘ಕ್ಯೂಬಿ’ ಎಂಬ ಪ್ರತ್ಯೇಕ ಸಾಧನ ಹಾಗಲ್ಲ. ಬದಲಾವಣೆಯನ್ನು ಆಯಾ ಕಿಟಕಿಗಷ್ಟೇ ಸೀಮಿತಗೊಳಿಸುತ್ತದೆ. ಒಂದೇ ಕಿಟಕಿಯಲ್ಲಿ ಕೆಲಸ ಮಾಡುವವರಿಗೆ ಮೊದಲನೆಯದು ಸಾಕು. ನಾಲ್ಕು ಕಿಟಕಿ ತೆರೆದಿಟ್ಟುಕೊಳ್ಳುವವರಿಗೆ ಎರಡನೆಯದು ಕ್ಷೇಮ. ಇದರ ಜೊತೆಗೆ ‘ಕ್ಯೂಬ್-ಪಿಎಸ್1’ ಅಳವಡಿಸಿದರೆ, ಆಜ್ಞೆ ಬರೆಯುವ ಸಾಲಿನಲ್ಲೇ ಈಗಿರುವ ಕ್ಲಸ್ಟರ್‌ನ ಹೆಸರು ಕಾಣುತ್ತದೆ.

ದಾಖಲೆ ಓದುವುದು ಹೇಗೆ?

ದೋಷ ಹುಡುಕಲು ಕಂಟೇನರ್‌ಗಳು ಬರೆಯುವ ದಾಖಲೆಗಳನ್ನು, ಅಂದರೆ ಲಾಗ್‌ಗಳನ್ನು, ಓದಬೇಕು. ಒಂದೋ ಎರಡೋ ಇದ್ದರೆ ಕ್ಯೂಬ್‌ಕಂಟ್ರೋಲ್ ಸಾಕು. ಗುಂಪಾಗಿ ನಿರಂತರವಾಗಿ ಗಮನಿಸುವಾಗ ಅದರ ಮೂಲ ಮಿತಿ 5, ಬೇಕಾದರೆ ಹೆಚ್ಚಿಸಬಹುದು. ಆದರೆ ನಡುವೆ ಹೊಸದಾಗಿ ಹುಟ್ಟಿದ ಕಂಟೇನರ್‌ಗಳು ಆ ಪಟ್ಟಿಗೆ ಸೇರುವುದಿಲ್ಲ. ‘ಸ್ಟರ್ನ್’ ಅವುಗಳನ್ನೂ ತಾನಾಗಿ ಸೇರಿಸಿಕೊಂಡು, ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತದೆ.

ನಂಬುವ ಮುನ್ನ

ಪ್ಲಗಿನ್ ಎಂಬುದು ನಿಮ್ಮ ಮನೆಯ ಬೀಗದ ಕೈ ಪಡೆದ ಅತಿಥಿ. ನಿಮಗಿರುವ ಅಧಿಕಾರವೆಲ್ಲ ಅದಕ್ಕೂ ಸಿಗುತ್ತದೆ. ಕ್ರೂ ಪಟ್ಟಿಯಲ್ಲಿರುವ ಪ್ಲಗಿನ್‌ಗಳ ಸುರಕ್ಷತೆಯನ್ನು ಪರಿಶೋಧಿಸಿಲ್ಲವೆಂದು ಕ್ರೂ ನಿರ್ವಾಹಕರೇ ಎಚ್ಚರಿಸುತ್ತಾರೆ. ಆದ್ದರಿಂದ ಕೊನೆಯ ಪರಿಷ್ಕರಣೆ ಯಾವಾಗ ಆಗಿದೆ, ಮೂಲ ಸಂಕೇತ ತೆರೆದಿದೆಯೇ ಎಂದು ಮೊದಲು ನೋಡಿ. ‘ಪಾವಗಡ’ದಂತಹ ಕ್ಲಸ್ಟರ್‌ಗೆ ಓದುವ ಅಧಿಕಾರ ಮಾತ್ರವಿರುವ ಖಾತೆಯನ್ನೇ ದಿನನಿತ್ಯ ಬಳಸಿ. ಆಗ ಆಜ್ಞೆ ಊರು ತಪ್ಪಿದರೂ ಏನೂ ಅಳಿಯದು.

ಮನೆಯಲ್ಲೇ ಅಭ್ಯಾಸ

ಇದನ್ನು ಕಲಿಯಲು ಬಾಡಿಗೆ ಯಂತ್ರಗಳು ಬೇಕಿಲ್ಲ. ‘ಮಿನಿಕ್ಯೂಬ್’ ಎಂಬ ಉಚಿತ ತಂತ್ರಾಂಶ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕ್ಲಸ್ಟರ್ ನಿರ್ಮಿಸುತ್ತದೆ. ಅದಕ್ಕೆ 2 ಸಿಪಿಯು, 2 ಜಿಬಿ ಬಿಡುವಿನ ಮೆಮೊರಿ, 20 ಜಿಬಿ ಡಿಸ್ಕ್ ಜಾಗ ಸಾಕು. ಇಳಿಸಿಕೊಳ್ಳಲು ಮಾತ್ರ ಇಂಟರ್‌ನೆಟ್ ಬೇಕು. ಮೆಮೊರಿ ಹೆಚ್ಚಿದ್ದರೆ ‘ಮಧುಗಿರಿ’, ‘ಶಿರಾ’ ಎಂದು ಎರಡು ಕ್ಲಸ್ಟರ್ ಮಾಡಿ, ಎರಡು ಕಿಟಕಿ ತೆರೆದು, ಮೇಲೆ ಹೇಳಿದ ವ್ಯತ್ಯಾಸವನ್ನು ಕಣ್ಣಾರೆ ನೋಡಬಹುದು.

ಮೊದಲು ಕ್ಯೂಬ್‌ಕಂಟ್ರೋಲ್‌ನ ಮೂಲ ಆಜ್ಞೆಗಳನ್ನು ಕೈಗೆ ರೂಢಿಸಿಕೊಳ್ಳಿ. ಅವು ಸಾಲದಾದಾಗ ಪ್ಲಗಿನ್ ಸೇರಿಸಿ. ಅದು ಎಷ್ಟು ಅಕ್ಷರ ಉಳಿಸುತ್ತದೆ ಎನ್ನುವುದಕ್ಕಿಂತ ಯಾವ ತಪ್ಪನ್ನು ತಡೆಯುತ್ತದೆ ಎಂಬುದೇ ಆಯ್ಕೆಯ ಒರೆಗಲ್ಲಾಗಲಿ.